ಬಾಯಿ ಕ್ಯಾನ್ಸರ್: ನೋವಿಗೆ ಮುನ್ನ ಕಾಣುವ ಗುರುತುಗಳು

ಬಾಯಿ ಕ್ಯಾನ್ಸರ್ ಕಣ್ಣಿಗೆ ಕಾಣುವ ಜಾಗದಲ್ಲೇ ಹುಟ್ಟುತ್ತದೆ, ಆದರೂ ತಡವಾಗಿಯೇ ಪತ್ತೆಯಾಗುತ್ತದೆ. ಶ್ವಾಸಕೋಶದ ಗಡ್ಡೆಯನ್ನು ಕಾಣಲು ಸ್ಕ್ಯಾನ್ ಬೇಕು, ಜಠರದ ಗಡ್ಡೆಗೆ ಎಂಡೋಸ್ಕೋಪಿ ಬೇಕು. ಬಾಯಿಯೊಳಗಿನ ಗಡ್ಡೆಗೆ ಕನ್ನಡಿ ಮತ್ತು ಟಾರ್ಚು ಸಾಕು. ಹೀಗಿದ್ದರೂ ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳು ಕ್ಯಾನ್ಸರ್ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಕಾಯಿಲೆ ಮೂರನೆಯ ಇಲ್ಲವೇ ನಾಲ್ಕನೆಯ ಹಂತ ತಲುಪಿರುತ್ತದೆ. ದೂರ, ದುಡ್ಡು, ಭಯ ಎಲ್ಲವೂ ಇದಕ್ಕೆ ಕಾರಣ. ಅವೆಲ್ಲಕ್ಕಿಂತ ದೊಡ್ಡ ಕಾರಣ ಬೇರೆ: ಶುರುವಿನಲ್ಲಿ ಈ ಕಾಯಿಲೆ ನೋಯುವುದಿಲ್ಲ. ಜನ ವೈದ್ಯರ ಬಳಿ ಹೋಗುವುದು ನೋವಿಗಾಗಿ. ಉಪ್ಪು ಖಾರ ತಗುಲಿದರೆ ಜೀವ ಹೋಗುವಂತೆ ಉರಿಯುವ ಸಾಮಾನ್ಯ ಬಾಯಿಹುಣ್ಣು ಹತ್ತು ದಿನದಲ್ಲಿ ಮಾಯುತ್ತದೆ. ಏನೂ ಅನಿಸದ ಹುಣ್ಣೋ ಬಿಳಿ ಮಚ್ಚೆಯೋ ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತದೆ. ಆದ್ದರಿಂದ ಬಾಯಿಯಲ್ಲಿ ಕಂಡ ಯಾವುದೇ ಬದಲಾವಣೆಯನ್ನು ನೋವಿನಿಂದ ಅಳೆಯುವುದು ಸರಿಯಲ್ಲ, ಅದು ಎಷ್ಟು ದಿನದಿಂದ ಇದೆ ಎಂಬುದರಿಂದ ಅಳೆಯಬೇಕು.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ವರ್ಷ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡವರು ಸುಮಾರು 3.9 ಲಕ್ಷ ಮಂದಿ. ಅವರಲ್ಲಿ 1.4 ಲಕ್ಷದಷ್ಟು ಮಂದಿ ಭಾರತದವರು, ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಭಾರತದ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ.

ಕಾರಣಕ್ಕಾಗಿ ಹೆಚ್ಚು ಹುಡುಕಬೇಕಾಗಿಲ್ಲ. ಹೊಗೆಸೊಪ್ಪು, ಕಡ್ಡಿಪುಡಿ, ಜರ್ದಾ, ಖೈನಿ, ಗುಟ್ಕಾ ಎಲ್ಲವೂ ತಂಬಾಕಿನ ರೂಪಗಳೇ. ಅದನ್ನು ಹದಮಾಡಿ ಒಣಗಿಸಿ ಕೂಡಿಡುವಾಗ ನೈಟ್ರೋಸಮೈನ್ ಎಂಬ ವಿಷಕಾರಿ ರಾಸಾಯನಿಕಗಳು ಹುಟ್ಟುತ್ತವೆ. ಜೊತೆಗೆ ಸೇರಿಸುವ ಸುಣ್ಣ ಬಾಯಿಯ ತೆಳುಪೊರೆಯನ್ನು ಕೆರಳಿಸುತ್ತದೆ, ನಿಕೋಟಿನ್ ಬೇಗ ಒಳಹೋಗುವಂತೆ ಮಾಡುತ್ತದೆ. ಬೀಡಿ, ಸಿಗರೇಟು ಮತ್ತು ಮದ್ಯವೂ ಕಾರಣಗಳೇ. ತಂಬಾಕು ಮತ್ತು ಮದ್ಯ ಒಟ್ಟಿಗೆ ಸೇರಿದರೆ ಅಪಾಯ ಬರಿಯ ಕೂಡಿಕೆಯಾಗದೆ ಹಲವು ಪಟ್ಟು ಏರುತ್ತದೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಭಾರತದ ವಯಸ್ಕರಲ್ಲಿ ಶೇ. 21.4 ಮಂದಿ ಹೊಗೆರಹಿತ ತಂಬಾಕು ಬಳಸುತ್ತಿದ್ದರು. ಇದು ಬೀಡಿ ಸಿಗರೇಟು ಸೇದುವವರ ಪ್ರಮಾಣದ ಎರಡು ಪಟ್ಟು. ಬೇರೆ ಅನೇಕ ದೇಶಗಳಲ್ಲಿ ತಂಬಾಕು ಎಂದರೆ ಹೊಗೆ, ಇಲ್ಲಿ ಅಗಿಯುವ ವಸ್ತು. ಬಾಯಿ ಕ್ಯಾನ್ಸರ್ ಇಲ್ಲಿ ಇಷ್ಟು ಹೆಚ್ಚಿರುವುದಕ್ಕೆ ಅರ್ಧ ಉತ್ತರ ಅದರಲ್ಲೇ ಇದೆ.

ಉಳಿದರ್ಧ ಉತ್ತರ ಕರ್ನಾಟಕಕ್ಕೆ ಇರುಸುಮುರುಸಿನದು. ದೇಶದ ಅಡಿಕೆಯಲ್ಲಿ ದೊಡ್ಡ ಪಾಲು ಬೆಳೆಯುವುದು ಇದೇ ರಾಜ್ಯದಲ್ಲಿ. ಶಿವಮೊಗ್ಗ, ದಾವಣಗೆರೆ, ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡದ ಲಕ್ಷಾಂತರ ಕುಟುಂಬಗಳ ಬದುಕು ಅದರ ಮೇಲೆ ನಿಂತಿದೆ. ತಾಂಬೂಲವಿಲ್ಲದೆ ಮದುವೆಯೂ ಇಲ್ಲ, ಬೀಳ್ಕೊಡುಗೆಯೂ ಇಲ್ಲ. ಆದರೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರ ಸಮಿತಿ 2003ರಲ್ಲಿ ಸೇರಿ ಪುರಾವೆಗಳನ್ನು ಪರಿಶೀಲಿಸಿ, ತಂಬಾಕು ಬೆರೆಸದ ಎಲೆಯಡಿಕೆ ಮತ್ತು ಬರಿಯ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಈ ತೀರ್ಮಾನದ ಬಗ್ಗೆ ಬೆಳೆಗಾರರ ಸಂಘಟನೆಗಳು ತಕರಾರು ಎತ್ತುತ್ತಲೇ ಬಂದಿವೆ. ಹಬ್ಬಕ್ಕೊಮ್ಮೆ ಊಟದ ನಂತರ ಹಾಕುವ ಒಂದು ಎಲೆಗೂ, ಬೆಳಿಗ್ಗೆಯಿಂದ ರಾತ್ರಿಯವರೆಗೆ ದವಡೆಯಲ್ಲಿ ಒತ್ತರಿಸಿಟ್ಟ ಕವಳಕ್ಕೂ ಅಂತರವಿದೆ ಎಂಬುದು ನಿಜ. ಅಪಾಯವೂ ಪ್ರಮಾಣ ಮತ್ತು ವರ್ಷಗಳಿಗೆ ತಕ್ಕಂತೆಯೇ ಏರುತ್ತದೆ. ಆದರೆ ತಂಬಾಕು ಬೆರೆಸಿಲ್ಲ ಎಂಬ ಒಂದೇ ಕಾರಣಕ್ಕೆ ಸ್ಯಾಚೆಯ ಪಾನ್ ಮಸಾಲಾ ನಿರಪಾಯಕಾರಿ ಎಂದುಕೊಳ್ಳಲು ಯಾವ ಆಧಾರವೂ ಇಲ್ಲ. ಕರ್ನಾಟಕದಲ್ಲಿ ಗುಟ್ಕಾ ಮಾರಾಟವನ್ನು 2013ರಲ್ಲಿ ನಿಷೇಧಿಸಿದ ಮೇಲೆ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಬರತೊಡಗಿದವು. ಎರಡನ್ನೂ ಬೆರೆಸುವ ಕೆಲಸ ಈಗ ಗಿರಾಕಿಯದು.

ಕ್ಯಾನ್ಸರ್ ಬಾಯಿಯ ಯಾವ ಮೂಲೆಯಲ್ಲಿ ಹುಟ್ಟುತ್ತದೆ ಎಂಬುದೂ ಚಟವನ್ನು ಅನುಸರಿಸುತ್ತದೆ. ಪಶ್ಚಿಮದ ದೇಶಗಳಲ್ಲಿ ನಾಲಿಗೆ ಮತ್ತು ನಾಲಿಗೆಯಡಿಯ ತಳ ಮುಖ್ಯ ಜಾಗಗಳು. ಇಲ್ಲಿ ಕೆನ್ನೆಯ ಒಳಗೋಡೆ, ಮತ್ತು ಕೆನ್ನೆಗೂ ಕೆಳ ವಸಡಿಗೂ ನಡುವಿನ ಸಂದು, ಅಂದರೆ ತಂಬಾಕು ಇರಿಸಿಕೊಳ್ಳುವ ಜಾಗವೇ. ಎಡಗಡೆ ಇಟ್ಟುಕೊಳ್ಳುವವರಿಗೆ ಎಡಗಡೆ, ಬಲಗಡೆ ಇಟ್ಟುಕೊಳ್ಳುವವರಿಗೆ ಬಲಗಡೆ. ತಿರುವಾಂಕೂರಿನ ದಕ್ಷಿಣದ ನೆಯ್ಯೂರಿನ ಆಸ್ಪತ್ರೆಯಲ್ಲಿದ್ದ ವೈದ್ಯ ಐ. ಎಂ. ಓರ್ ಅವರು ಎಲೆಯಡಿಕೆ ಜಗಿಯುವವರ ಬಾಯಿ ಕ್ಯಾನ್ಸರ್ ಬಗ್ಗೆ 1933ರಷ್ಟು ಹಿಂದೆಯೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ಆಂಧ್ರದ ಶ್ರೀಕಾಕುಳಂ ಕಡೆ ಚುಟ್ಟಾದ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವ ಹೆಂಗಸರಲ್ಲಿ ಅಂಗುಳಿನ ಕ್ಯಾನ್ಸರ್ ಹೆಚ್ಚು. ಹಾಗಾಗಿ ಚಟ ಇರುವವರು ಮೊದಲು ನೋಡಿಕೊಳ್ಳಬೇಕಾದ್ದು ತಾವು ವಸ್ತುವನ್ನು ಇಟ್ಟುಕೊಳ್ಳುವ ಜಾಗವನ್ನೇ.

ಎಚ್ಚರಿಕೆಯ ಗುರುತುಗಳಲ್ಲಿ ಮೊದಲನೆಯದು ಮಾಯದ ಹುಣ್ಣು. ಸಾಮಾನ್ಯ ಬಾಯಿಹುಣ್ಣು ಚಿಕ್ಕದು, ದುಂಡಗಿನದು, ನಡುವೆ ಹಳದಿ ಬಿಳುಪು, ಸುತ್ತ ಕೆಂಪು ಗೆರೆ. ಮುಟ್ಟಿದರೆ ಮೆತ್ತಗೆ, ನೋವು ವಿಪರೀತ. ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ, ಕೆಲವು ತಿಂಗಳ ಬಳಿಕ ಬೇರೆ ಜಾಗದಲ್ಲಿ ಮತ್ತೆ ಬರುತ್ತದೆ. ಕ್ಯಾನ್ಸರಿನ ಹುಣ್ಣು ಜಾಗ ಬದಲಿಸುವುದಿಲ್ಲ. ಅದರ ಅಂಚು ಅಂಕುಡೊಂಕಾಗಿ ಉಬ್ಬಿರುತ್ತದೆ, ಬೆರಳಿನಿಂದ ಒತ್ತಿದರೆ ಬುಡ ಗಟ್ಟಿಯಾಗಿ ಸಿಗುತ್ತದೆ, ಹಲ್ಲುಜ್ಜುವಾಗ ಸುಮ್ಮನೆ ರಕ್ತ ಬರುತ್ತದೆ. ಕಣ್ಣಿಗೆ ಕಾಣುವುದಕ್ಕಿಂತ ಬೆರಳಿಗೆ ತಿಳಿಯುವ ಈ ಗಡಸುತನವನ್ನು ವೈದ್ಯರು ಬಹಳ ಗಂಭೀರವಾಗಿ ಪರಿಗಣಿಸುತ್ತಾರೆ. ಬಾಯಿಹುಣ್ಣಾದರೆ ‘ಉಷ್ಣ ಆಗಿದೆ’ ಎಂದು ಎಳನೀರು ಕುಡಿಯುವುದು, ಕೊಬ್ಬರಿ ಅಗಿಯುವುದು, ಗಣಿಕೆ ಸೊಪ್ಪಿನ ತಂಬುಳಿ ಮಾಡುವುದು, ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗುವುದು ವಾಡಿಕೆ. ಅದರಿಂದ ಕೆಡುಕಿಲ್ಲ. ಕೆಡುಕಾಗುವುದು ಮೊದಲ ಮದ್ದು ನಾಟದಿದ್ದಾಗ ಎರಡನೆಯದು, ಎರಡನೆಯದು ನಾಟದಿದ್ದಾಗ ಮೂರನೆಯದು ಎಂದು ತಿಂಗಳುಗಳು ಜಾರಿದಾಗ. ಚೂಪಾದ ಹಲ್ಲೋ ಸರಿಯಾಗಿ ಕೂರದ ಹಲ್ಲಿನ ಸೆಟ್ಟೋ ಉಜ್ಜಿ ಹುಣ್ಣಾಗಿದ್ದರೆ, ಆ ಹಲ್ಲನ್ನು ತೇಯಿಸಿ ನಯಮಾಡಿದ ಎರಡು ವಾರದೊಳಗೆ ಹುಣ್ಣು ಮಾಯಲೇಬೇಕು. ಮಾಯದಿದ್ದರೆ ಕಾರಣ ಹಲ್ಲಲ್ಲ.

ಎರಡನೆಯದು ಬಿಳಿ ಮಚ್ಚೆ. ವೈದ್ಯಭಾಷೆಯಲ್ಲಿ ಲ್ಯೂಕೋಪ್ಲೇಕಿಯಾ. ಕೆನ್ನೆಯ ಒಳಗೋ ನಾಲಿಗೆಯ ಅಂಚಿನಲ್ಲೋ ಬಿಳಿಯ ದಪ್ಪ ಪದರದಂತೆ ಕಾಣುತ್ತದೆ. ಬಟ್ಟೆಯಿಂದ ಉಜ್ಜಿದರೂ ಹೋಗುವುದಿಲ್ಲ. ಉಜ್ಜಿದಾಗ ಎದ್ದುಬರುವ ಬಿಳುಪು ಬಹುಪಾಲು ಶಿಲೀಂಧ್ರದ ಸೋಂಕು. ಎರಡೂ ಕೆನ್ನೆಗಳಲ್ಲಿ ಜಾಲರಿಯಂಥ ತೆಳು ಬಿಳಿ ಗೆರೆಗಳು ಮೂಡಿದ್ದರೆ ಅದು ಲೈಕನ್ ಪ್ಲೇನಸ್ ಎಂಬ ಬೇರೆ ಕಾಯಿಲೆಯಾಗಿರಬಹುದು. ಅದನ್ನೂ ಆಗಾಗ ತೋರಿಸಿಕೊಳ್ಳುತ್ತಿರಬೇಕು. ಲ್ಯೂಕೋಪ್ಲೇಕಿಯಾ ಇರುವ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ, ಹೆಚ್ಚಿನವರಿಗೆ ಬರುವುದೇ ಇಲ್ಲ. ನಯವಾದ, ಒಂದೇ ಸಮ ಬಿಳುಪಾದ ಮಚ್ಚೆಯಲ್ಲಿ ಅಪಾಯ ಕಡಿಮೆ. ಗಂಟುಗಂಟಾದ, ಬಿಳುಪಿನ ನಡುವೆ ಕೆಂಪು ಚುಕ್ಕೆಗಳಿರುವ, ನಾಲಿಗೆಯ ಅಂಚಿನಲ್ಲೋ ಅಡಿಯಲ್ಲೋ ಇರುವ ಮಚ್ಚೆಯಲ್ಲಿ ಹೆಚ್ಚು. ಚಟ ಬಿಟ್ಟರೆ ಎಷ್ಟೋ ಮಚ್ಚೆಗಳು ತಾವಾಗಿ ಮಾಯವಾಗುತ್ತವೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡ ಕೇರಳ, ಆಂಧ್ರ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಸಾವಿರಾರು ತಂಬಾಕು ಬಳಕೆದಾರರಿಗೆ ತಿಳಿಹೇಳಿ ವರ್ಷಗಳ ಕಾಲ ಹಿಂಬಾಲಿಸಿ ನೋಡಿದಾಗ, ಬಿಟ್ಟವರಲ್ಲಿ ಹೊಸ ಮಚ್ಚೆಗಳು ಹುಟ್ಟುವುದು ಗಣನೀಯವಾಗಿ ಇಳಿದಿತ್ತು.

ಬಿಳಿ ಮಚ್ಚೆಗಿಂತ ಅಪರೂಪದ್ದು, ಅದಕ್ಕಿಂತ ಬಹಳ ಅಪಾಯದ್ದು ಕೆಂಪು ಮಚ್ಚೆ. ಕಡುಕೆಂಪು ಮಖಮಲ್ಲಿನ ತುಂಡಿನಂತೆ ಕಾಣುವ ಇದರಲ್ಲಿ ನೋವಿರುವುದಿಲ್ಲ, ಗಡಸೂ ಇರಲಿಕ್ಕಿಲ್ಲ. ಬಾಯೊಳಗೆಲ್ಲ ಕೆಂಪೇ ಆದ್ದರಿಂದ ಕಣ್ಣಿಗೂ ಬೇಗ ಬೀಳುವುದಿಲ್ಲ. ಆದರೆ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇವುಗಳಲ್ಲಿ ಬಹುಪಾಲು ಈಗಾಗಲೇ ಕ್ಯಾನ್ಸರ್ ಆಗಿರುತ್ತವೆ, ಇಲ್ಲವೇ ಅದರ ಹೊಸ್ತಿಲಲ್ಲಿರುತ್ತವೆ. ಕಾರಣ ತಿಳಿಯದ ಕೆಂಪು ಮಚ್ಚೆ ಎರಡು ವಾರವಾದರೂ ಉಳಿದಿದ್ದರೆ ಕಾದು ನೋಡುವ ಪ್ರಶ್ನೆಯೇ ಇಲ್ಲ.

ಅಡಿಕೆ ಜಗಿಯುವ ನಾಡಿನಲ್ಲಿ ಬಾಯಿ ಬಿಗಿಯಾಗುವ ಕಾಯಿಲೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುವ ಇದನ್ನು 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಪೂರ್ವ ಆಫ್ರಿಕದಲ್ಲಿದ್ದ ಭಾರತೀಯ ಮೂಲದ ಐವರು ಹೆಂಗಸರಲ್ಲಿ ಗುರುತಿಸಿ ವರ್ಣಿಸಿದರು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಆಲ್ಕಲಾಯ್ಡ್ ಕೆನ್ನೆಯ ತೆಳುಪೊರೆಯಡಿ ನಾರಿನ ಅಂಶ ವಿಪರೀತ ಬೆಳೆಯುವಂತೆ ಮಾಡುತ್ತದೆ, ಅಡಿಕೆಯಲ್ಲಿರುವ ತಾಮ್ರವೂ ಅದಕ್ಕೆ ಇಂಬು ಕೊಡುತ್ತದೆ. ಮೊದಲ ಗುರುತು ಖಾರ ತಡೆಯದಿರುವುದು. ಮೊನ್ನೆಯವರೆಗೆ ಮೆಣಸಿನಕಾಯಿ ಕಚ್ಚಿ ತಿನ್ನುತ್ತಿದ್ದ ಹುಡುಗನಿಗೆ ಈಗ ಸಾರಿನ ಖಾರವೂ ಬೆಂಕಿ. ಆಮೇಲೆ ಕೆನ್ನೆಯ ಒಳಭಾಗ ಕೆಂಪು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ, ಮುಟ್ಟಿದರೆ ಒಳಗೆ ಗಟ್ಟಿ ಪಟ್ಟಿಗಳು ಸಿಗುತ್ತವೆ, ಸಿಳ್ಳೆ ಹಾಕಲು, ಬಲೂನು ಊದಲು, ನಾಲಿಗೆ ಹೊರಚಾಚಲು ಕಷ್ಟವಾಗುತ್ತದೆ. ತೋರು, ನಡು ಮತ್ತು ಉಂಗುರ ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ತೂರಿಸಿ ನೋಡುವುದು ಸುಲಭದ ಪರೀಕ್ಷೆ. ಹೆಚ್ಚಿನ ವಯಸ್ಕರಿಗೆ ತಮ್ಮದೇ ಮೂರು ಬೆರಳು ಹೋಗುತ್ತವೆ. ಎರಡೇ ಹೋದರೆ ದಂತವೈದ್ಯರಿಗೆ ತೋರಿಸಬೇಕು. ಬಿಗಿದ ಬಾಯಿ ಪೂರ್ತಿ ಮೊದಲಿನಂತಾಗುವುದಿಲ್ಲ. ಅಡಿಕೆ ನಿಲ್ಲಿಸಿ, ಬಾಯಿ ತೆರೆಯುವ ವ್ಯಾಯಾಮ ಮತ್ತು ಚುಚ್ಚುಮದ್ದುಗಳಿಂದ ಒಂದಿಷ್ಟು ಸಡಿಲಗೊಳಿಸಬಹುದು. ಕೇರಳದಲ್ಲಿ ಇಂಥ ರೋಗಿಗಳನ್ನು 17 ವರ್ಷ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ ಶೇ. 7.6 ಮಂದಿಗೆ ಕ್ಯಾನ್ಸರ್ ಕಾಣಿಸಿಕೊಂಡಿತು. ಹಿಂದೆ ನಡುವಯಸ್ಸಿನವರಲ್ಲಿ ಕಾಣುತ್ತಿದ್ದ ಈ ಕಾಯಿಲೆ ಸ್ಯಾಚೆಗಳು ಬಂದ ಮೇಲೆ ಕಾಲೇಜು ಹುಡುಗರಲ್ಲೂ ಕಾಣತೊಡಗಿದೆ. ಎಲೆ ಸುತ್ತಿ ಹದವಾಗಿ ಜಗಿಯುವ ಅಡಿಕೆಗಿಂತ ಸ್ಯಾಚೆಯ ಒಣಪುಡಿ ಬೇಗ ಹಾನಿ ಮಾಡುತ್ತದೆ.

ಹಲ್ಲಿನ ತೊಂದರೆಯ ವೇಷದಲ್ಲಿ ಬರುವ ಗುರುತುಗಳು ಅತಿ ಹೆಚ್ಚು ದಾರಿತಪ್ಪಿಸುತ್ತವೆ. ಹುಳುಕಿಲ್ಲದೆ, ಸುತ್ತಲಿನ ಹಲ್ಲುಗಳೆಲ್ಲ ಗಟ್ಟಿಯಿರುವಾಗ ಒಂದೆರಡು ಹಲ್ಲು ಮಾತ್ರ ಅಲುಗಾಡತೊಡಗಿದರೆ ವಸಡಿನ ಗಡ್ಡೆ ಕೆಳಗಿನ ಮೂಳೆಯನ್ನು ತಿನ್ನುತ್ತಿರಬಹುದು. ಅಂಥ ಹಲ್ಲನ್ನು ಕೀಳಿಸಿದ ಮೇಲೆ ಕುಳಿ ಮುಚ್ಚುವುದೇ ಇಲ್ಲ, ಅದರೊಳಗಿಂದ ಮಾಂಸ ಬೆಳೆದು ಬರುತ್ತದೆ. ಹಲ್ಲು ಕಿತ್ತದ್ದರಿಂದಲೇ ಕ್ಯಾನ್ಸರ್ ಬಂತು ಎಂಬ ಮಾತು ಹಳ್ಳಿಗಳಲ್ಲಿ ಹುಟ್ಟುವುದು ಹೀಗೆ; ನಿಜದಲ್ಲಿ ಹಲ್ಲು ಸಡಿಲವಾದದ್ದೇ ಕ್ಯಾನ್ಸರಿನಿಂದ. ಚೆನ್ನಾಗಿ ಕೂರುತ್ತಿದ್ದ ಹಲ್ಲಿನ ಸೆಟ್ಟು ಕೂರದಂತಾಗುವುದು, ಕೆಳತುಟಿ ಅಥವಾ ಗಲ್ಲ ಮರಗಟ್ಟಿದಂತಾಗುವುದು, ಕಿವಿಯಲ್ಲಿ ಏನೂ ಇಲ್ಲದೆ ಒಂದೇ ಕಡೆ ಕಿವಿನೋವು, ನಾಲಿಗೆ ಹೊರಳದೆ ಮಾತು ತೊದಲುವುದು, ನುಂಗುವಾಗ ಏನೋ ಸಿಕ್ಕಿಕೊಂಡಂತೆ ಅನಿಸುವುದು ಇದೇ ಸಾಲಿನವು. ಕತ್ತಿನ ಪಕ್ಕದಲ್ಲಿ ನೋವಿಲ್ಲದ ಗಟ್ಟಿ ಗಂಟು ಕಾಣಿಸಿದರೆ ಕಾಯಿಲೆ ದುಗ್ಧಗ್ರಂಥಿಗೆ ಹೋಗಿದೆ ಎಂದು ಶಂಕಿಸಬೇಕು. ಅದು ಮೊದಲ ಗುರುತಲ್ಲ, ಆದರೆ ಅನೇಕ ರೋಗಿಗಳು ವೈದ್ಯರಿಗೆ ಮೊದಲು ತೋರಿಸುವುದು ಅದನ್ನೇ.

ತಂಬಾಕು, ಅಡಿಕೆ, ಮದ್ಯದ ಅಭ್ಯಾಸ ಇರುವವರು ತಿಂಗಳಿಗೊಮ್ಮೆ ತಮ್ಮ ಬಾಯಿಯನ್ನು ತಾವೇ ನೋಡಿಕೊಳ್ಳಬಹುದು. ಚಿಕ್ಕ ವಯಸ್ಸಿನಲ್ಲಿ ಬಿಟ್ಟವರಿಗೂ ಇದು ಬೇಕು, ಏಕೆಂದರೆ ಅಪಾಯ ಇಳಿಯುವುದು ನಿಧಾನವಾಗಿ. ಬಾಯಿ ಮುಕ್ಕಳಿಸಿ, ಸೆಟ್ಟು ಇದ್ದರೆ ತೆಗೆದಿಟ್ಟು, ಬೆಳಕಿಗೆ ಎದುರಾಗಿ ಕನ್ನಡಿಯ ಮುಂದೆ ನಿಲ್ಲಬೇಕು. ಮುಖದ ಎರಡು ಬದಿ ಸಮವಾಗಿವೆಯೇ, ಕತ್ತಿನಲ್ಲಿ ಗಂಟಿದೆಯೇ ಎಂದು ನೋಡಿ, ತುಟಿಗಳನ್ನು ಮಗುಚಿ, ಎರಡು ಬೆರಳಿನಿಂದ ಕೆನ್ನೆಯನ್ನು ಹೊರಗೆಳೆದು ಒಳಗೋಡೆಯನ್ನೂ ವಸಡಿನ ಸಂದನ್ನೂ ಕಡೆಯ ಹಲ್ಲಿನ ಹಿಂದಿನವರೆಗೆ ಪರೀಕ್ಷಿಸಬೇಕು. ಮರೆತುಹೋಗುವ ಜಾಗ ನಾಲಿಗೆಯ ಬದಿ ಮತ್ತು ಅಡಿ. ನಾಲಿಗೆಯ ತುದಿಯನ್ನು ಶುಭ್ರ ಬಟ್ಟೆಯಿಂದ ಹಿಡಿದು ಆ ಕಡೆ ಈ ಕಡೆ ಎಳೆದರೆ ಅಂಚು ಹಿಂದಿನವರೆಗೆ ಕಾಣುತ್ತದೆ. ತುದಿಯನ್ನು ಅಂಗುಳಿಗೆ ಮುಟ್ಟಿಸಿದರೆ ಅಡಿ ಕಾಣುತ್ತದೆ. ತಲೆ ಹಿಂದೆ ಬಾಗಿಸಿ ಅಂಗುಳನ್ನು ನೋಡಿ, ಕೊನೆಗೆ ತೊಳೆದ ಬೆರಳಿನಿಂದ ಎಲ್ಲ ಕಡೆ ಸವರಿ ಗಡಸು ಜಾಗವಿದೆಯೇ ಎಂದು ತಿಳಿಯಬೇಕು. ಸಂಶಯದ ಜಾಗದ ಫೋಟೊವನ್ನು ಮೊಬೈಲಿನಲ್ಲಿ ತಾರೀಖಿನೊಡನೆ ತೆಗೆದಿಟ್ಟರೆ ಎರಡು ವಾರದ ಲೆಕ್ಕ ತಪ್ಪುವುದಿಲ್ಲ. ಚಟವೇ ಇಲ್ಲದವರಿಗೂ, ಮುಖ್ಯವಾಗಿ ನಾಲಿಗೆಯ ಅಂಚಿನಲ್ಲಿ, ಒಮ್ಮೊಮ್ಮೆ ಈ ಕಾಯಿಲೆ ಬರುತ್ತದೆ. ‘ನನಗೇನೂ ಅಭ್ಯಾಸವಿಲ್ಲ’ ಎಂಬುದು ಮಾಯದ ಹುಣ್ಣನ್ನು ಕಡೆಗಣಿಸಲು ಕಾರಣವಾಗಬಾರದು.

ತೋರಿಸುವುದು ಯಾರಿಗೆ? ಹತ್ತಿರದ ದಂತವೈದ್ಯರು ಇಲ್ಲವೇ ಕಿವಿ ಮೂಗು ಗಂಟಲು ತಜ್ಞರು ಸಾಕು. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲೂ, ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಲ್ಲೂ ಇದು ಆಗುತ್ತದೆ. ಅವರಿಗೆ ಸಂಶಯ ಬಂದರೆ ಬಯಾಪ್ಸಿ ಹೇಳುತ್ತಾರೆ. ಇಲ್ಲಿ ಒಂದು ಹಳೆಯ ಹೆದರಿಕೆ ಅಡ್ಡ ಬರುತ್ತದೆ: ಕತ್ತರಿ ತಾಗಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂಬುದು. ಇದಕ್ಕೆ ಆಧಾರವಿಲ್ಲ. ಜಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಹುಣ್ಣಿನ ಅಂಚಿನಿಂದ ಚಿಕ್ಕ ತುಣುಕು ತೆಗೆದು, ಬೇಕಿದ್ದರೆ ಒಂದೆರಡು ಹೊಲಿಗೆ ಹಾಕುತ್ತಾರೆ. ರೋಗಿ ಅದೇ ದಿನ ಮನೆಗೆ ಹೋಗುತ್ತಾನೆ. ಬಯಾಪ್ಸಿಯಿಲ್ಲದೆ ಕ್ಯಾನ್ಸರ್ ಹೌದು ಎನ್ನಲೂ ಆಗದು, ಅಲ್ಲ ಎನ್ನಲೂ ಆಗದು. ಹರಡಲು ಕಾರಣವಾಗುವುದು ತುಣುಕು ತೆಗೆದದ್ದಲ್ಲ, ಅದಕ್ಕೆ ಹೆದರಿ ನಾಟಿ ಮದ್ದು ಹಚ್ಚುತ್ತಾ ಕಳೆದ ಮೂರು ತಿಂಗಳು.

ಆ ಮೂರು ತಿಂಗಳಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಹಂತಗಳ ಲೆಕ್ಕ ತೋರಿಸುತ್ತದೆ. ಗಡ್ಡೆ 2 ಸೆಂಟಿಮೀಟರ್ ಒಳಗಿದ್ದು, 5 ಮಿಲಿಮೀಟರಿಗಿಂತ ಆಳ ಇಳಿಯದೆ, ಕತ್ತಿನ ಗ್ರಂಥಿಗಳಿಗೆ ಹೋಗದಿದ್ದರೆ ಅದು ಮೊದಲ ಹಂತ. ಕತ್ತಿನಲ್ಲಿ ಒಂದು ಗ್ರಂಥಿ ಸಿಕ್ಕಿತೆಂದರೆ ಬಾಯಿಯ ಗಡ್ಡೆ ಎಷ್ಟೇ ಚಿಕ್ಕದಿರಲಿ ಕಾಯಿಲೆ ಕನಿಷ್ಠ ಮೂರನೆಯ ಹಂತ. ಮೊದಲ ಹಂತದಲ್ಲಿ ಹೆಚ್ಚಾಗಿ ಶಸ್ತ್ರಚಿಕಿತ್ಸೆಯೊಂದೇ ಸಾಕು. ಮುಂದುವರಿದ ಹಂತದಲ್ಲಿ ದವಡೆಯ ಮೂಳೆಯ ಭಾಗ ತೆಗೆಯಬೇಕಾಗಬಹುದು, ಎದೆಯಿಂದಲೋ ಕಾಲಿನಿಂದಲೋ ಮಾಂಸ ತಂದು ತುಂಬಬೇಕಾಗಬಹುದು, ಮೇಲೆ ಆರು ವಾರಗಳಷ್ಟು ವಿಕಿರಣ ಚಿಕಿತ್ಸೆ, ಕೆಲವರಿಗೆ ಕೀಮೋಥೆರಪಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಆರಂಭಿಕ ಹಂತದ ರೋಗಿಗಳ ಬಗ್ಗೆ ಜಗತ್ತಿನ ವೈದ್ಯರ ರೂಢಿಯನ್ನೇ ಬದಲಿಸಿತು. ಕತ್ತಿನಲ್ಲಿ ಗಂಟು ಕಾಣದಿದ್ದರೂ ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಮೂರು ವರ್ಷದ ಬಳಿಕ ಶೇ. 80 ಮಂದಿ ಬದುಕಿದ್ದರು; ಗಂಟು ಕಂಡ ಮೇಲೆ ತೆಗೆಸಿಕೊಳ್ಳಲೆಂದು ಕಾದವರಲ್ಲಿ ಶೇ. 67.5. ಬೇಗ ಪತ್ತೆಯಾದವರಲ್ಲೂ ಕಾಯುವಿಕೆಗೆ ಇಷ್ಟು ಬೆಲೆಯಿದೆ.

ಬರಿಗಣ್ಣಿನ ತಪಾಸಣೆಯಿಂದ ಸಾವುಗಳನ್ನು ತಡೆಯಬಹುದೇ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ನೆರೆಯ ಕೇರಳದಿಂದ. ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ 1996ರಲ್ಲಿ ಆರಂಭವಾದ ಪ್ರಯೋಗದಲ್ಲಿ 35 ವರ್ಷ ದಾಟಿದ ಸುಮಾರು 1.9 ಲಕ್ಷ ಜನರಿದ್ದರು. ಒಂದಷ್ಟು ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಟಾರ್ಚು ಹಿಡಿದು ಮನೆಮನೆಗೆ ಹೋಗಿ ಬಾಯಿ ನೋಡಿದರು, ಉಳಿದ ಕಡೆ ಎಂದಿನ ವ್ಯವಸ್ಥೆಯೇ ಇತ್ತು. 2005ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವುಗಳು ತಪಾಸಣೆ ನಡೆದ ಕಡೆ ಶೇ. 34ರಷ್ಟು ಕಡಿಮೆಯಾಗಿದ್ದವು. ಯಂತ್ರವಿಲ್ಲ, ಪ್ರಯೋಗಾಲಯವಿಲ್ಲ, ವೈದ್ಯರೂ ಅಲ್ಲದವರ ಕಣ್ಣು ಮಾತ್ರ. ಇದೇ ಪುರಾವೆಯ ಬಲದ ಮೇಲೆ ಭಾರತ ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಬಾಯಿ ತಪಾಸಣೆ ಸೇರಿದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಅಭ್ಯಾಸಗಳ ಬಗ್ಗೆ ಕೇಳಿ ನಮೂನೆ ತುಂಬಿಸಿಕೊಳ್ಳುವುದು ಇದರ ಮೊದಲ ಹೆಜ್ಜೆ. ಬಾಯಿ ನೋಡುವುದು ಉಪಕೇಂದ್ರದಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಸಂಕೋಚಕ್ಕೆ ‘ಏನೂ ಇಲ್ಲ’ ಎಂದು ಹೇಳಿ ಕಳಿಸುವವರೇ ಹೆಚ್ಚು. ಸೀರೆಯ ಸೆರಗಿನಲ್ಲಿ ಹೊಗೆಸೊಪ್ಪು ಕಟ್ಟಿಕೊಂಡಿರುವ ಅಜ್ಜಿಯರ ಲೆಕ್ಕ ಮನೆಯವರಿಗೂ ಇರುವುದಿಲ್ಲ. ಬಿಡಬೇಕೆನ್ನುವವರಿಗೆ ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-11-2356 ಇದೆ, ಕರೆ ಉಚಿತ.

ಚಿಕಿತ್ಸೆ ಮುಗಿದ ಮೇಲೂ ಬಾಯಿಯನ್ನು ನೋಡುವ ಕೆಲಸ ಮುಗಿಯುವುದಿಲ್ಲ. ವರ್ಷಗಟ್ಟಲೆ ತಂಬಾಕು, ಅಡಿಕೆಯಲ್ಲಿ ನೆಂದ ಪೊರೆ ಒಂದೇ ಜಾಗದಲ್ಲಿ ಕೆಟ್ಟಿರುವುದಿಲ್ಲ. ಒಂದು ಗಡ್ಡೆ ತೆಗೆದ ಮೇಲೆ ಅದೇ ಬಾಯಿಯ ಇನ್ನೊಂದು ಮೂಲೆಯಲ್ಲೋ ಗಂಟಲಲ್ಲೋ ಹೊಸದೊಂದು ಹುಟ್ಟಬಹುದು. ಮರುಕಳಿಸುವ ಸಾಧ್ಯತೆಯೂ ಮೊದಲ ಎರಡು ವರ್ಷಗಳಲ್ಲೇ ಹೆಚ್ಚು. ಆದ್ದರಿಂದ ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತಾ ತಪಾಸಣೆಗೆ ಕರೆಯುತ್ತಾರೆ. ವಿಕಿರಣ ಪಡೆದವರು ಹಲ್ಲು ಕೀಳಿಸುವ ಮೊದಲು ತಮಗಾದ ಚಿಕಿತ್ಸೆಯನ್ನು ದಂತವೈದ್ಯರಿಗೆ ತಿಳಿಸಲೇಬೇಕು, ಏಕೆಂದರೆ ವಿಕಿರಣ ಬಿದ್ದ ದವಡೆಯ ಮೂಳೆ ಸುಲಭವಾಗಿ ಮಾಯುವುದಿಲ್ಲ. ಚಿಕಿತ್ಸೆಯ ನಂತರವೂ ಚಟ ಮುಂದುವರಿಸಿದವರಲ್ಲಿ ಎರಡನೆಯ ಕ್ಯಾನ್ಸರಿನ ಅಪಾಯ ಬಿಟ್ಟವರಿಗಿಂತ ಹೆಚ್ಚು.